ಹಸಿ ಜೇನು ತೆಗಿಯೋದು ನಿಲ್ಲಿಸ್ರಿ

ಇವತ್ತಿನ ಮಾತು ಸ್ವಲ್ಪ ಖಾರ ಐತಿ, ಸಿಟ್ಟಾಗದೆ ಪೂರ್ತಿ ಓದ್ರಿ.

ಬ್ಯಾಡಗಿ ಮಾರ್ಕೆಟ್ಟಿಗೆ ತೇವ ಇರೋ ಮೆಣಸಿನಕಾಯಿ ಒಯ್ದರೆ ಏನಾಗತೈತಿ ಅಂತ ನಮ್ಮ ಕಡೆ ಸಣ್ಣ ಹುಡುಗರಿಗೂ ಗೊತ್ತು. ಕೈಯಾಗ ಹಿಡಿದು ನೋಡಿದ ಕೂಡಲೇ ರೇಟು ಇಳಿತೈತಿ. ಅದಕ್ಕ ಕಣದಾಗ ಹರವಿ, ಕೈಯಾಡಿಸಿ, ಒಣಗಿಸಿ ಒಯ್ತೀವಿ. ಅದೇ ನಾವು ಜೇನುಪೆಟ್ಟಿಗಿ ಮುಂದ ನಿಂತಾಗ ಆ ಬುದ್ಧಿ ಎಲ್ಲಿ ಹೋಗತೈತಿ? ಎಂಟು ದಿನಕ್ಕೊಮ್ಮೆ ಪೆಟ್ಟಿಗಿ ತೆಗಿಯೋದು, ತುಂಬಿದಂಗ ಕಂಡ ಫ್ರೇಮನ್ನೆಲ್ಲ ಯಂತ್ರಕ್ಕ ಹಾಕಿ ತಿರುಗಿಸೋದು. ಅದು ಇನ್ನೂ ಜೇನುತುಪ್ಪ ಆಗಿರೋದಿಲ್ರಿ.

ಹೂವಿನ ಮಕರಂದದಾಗ ಬಹುಪಾಲು ನೀರೇ ಇರತೈತಿ. ಹುಳ ಅದನ್ನ ಗೂಡಿಗೆ ತಂದು, ಬಾಯಿಂದ ಬಾಯಿಗೆ ದಾಟಿಸಿ, ರೆಕ್ಕಿ ಬೀಸಿ ನೀರು ಆರಿಸ್ತಾವ. ಹದಕ್ಕ ಬಂದ ಮ್ಯಾಲೆ ಮೇಣದ ಮುಚ್ಚಳ ಹಾಕ್ತಾವ. ನೀರಿನಂಶ ನೂರಕ್ಕೆ 20 ದಾಟಬಾರದು ಅನ್ನೋದು ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ. ಅದಕ್ಕೂ ಕಾರಣ ಐತಿ. 17ರ ಕೆಳಗ ಇದ್ದರೆ ಜೇನು ಹುಳಿಯೋದಿಲ್ಲ, 20 ದಾಟಿತೋ, ಅದರಾಗಿರೋ ಹುದುಗುಕಣಗಳು ಕೆಲಸ ಶುರು ಮಾಡ್ತಾವ. ನೊರೆ, ಹುಳಿವಾಸನಿ, ಉಬ್ಬಿದ ಡಬ್ಬಿ.

"ಕಾದರೆ ತೂಕ ಕಡಿಮಿ ಆಗತೈತಿ" ಅಂತ ಕೆಲವರ ವಾದ. ಲೆಕ್ಕ ಹಾಕೋಣ ಬರ್ರಿ. 24 ಅಂಶ ನೀರಿರೋ 100 ಕಿಲೋ ಹಸಿ ಜೇನಿನಾಗ ಗಟ್ಟಿ ಪದಾರ್ಥ 76 ಕಿಲೋ. ಅದನ್ನೇ ಹುಳ 20ಕ್ಕೆ ಇಳಿಸಿದರೆ ತೂಕ 95 ಕಿಲೋ. ಅಂದ್ರ ನೀವು ಗಳಿಸಿದ್ದು 5 ಕಿಲೋ ನೀರು! ಆ 5 ಕಿಲೋ ಆಸೆಗೆ ನೂರು ಕಿಲೋನೂ ಹುಳಿಯೋ ದಾರಿಗೆ ಹಚ್ಚೋದು ಯಾವ ಲಾಭ?

ತಪ್ಪು ನಮ್ಮದೊಂದೇ ಅಲ್ಲ. ಹಸಿಗೂ ಹದಕ್ಕೂ ಒಂದೇ ರೇಟು ಕೊಡೋ ಖರೀದಿದಾರರು ಈ ಚಾಳಿ ಬೆಳೆಸ್ಯಾರ. ಆಮೇಲೆ ನೀರು ಆರಿಸಾಕ ಜೇನು ಕಾಸ್ತಾರ. ಹೆಚ್ಚು ಕಾಸಿದರೆ ಬಣ್ಣ ಕಪ್ಪಾಗತೈತಿ, ವಾಸನಿ ಹೋಗತೈತಿ, ಎಚ್‌ಎಂಎಫ್ ಅನ್ನೋ ಅಂಶ ಏರತೈತಿ. ಅದಕ್ಕೂ ಕಿಲೋಕ್ಕೆ 80 ಮಿಲಿಗ್ರಾಂ ಅಂತ ಮಿತಿ ಐತಿ.

ಇನ್ನ ಲೋಟದ ನೀರಿಗೆ ಹನಿ ಬಿಟ್ಟು, ತಳಕ್ಕ ಹೋದರ ಅಸಲಿ ಅನ್ನೋರಿಗೆ ಒಂದು ಮಾತು. ಗಟ್ಟಿ ಸಕ್ಕರಿ ಪಾಕನೂ ತಳಕ್ಕ ಹೋಗತೈತಿ. ಹಂಗೇ, ಹರಳುಗಟ್ಟಿದ್ದೆಲ್ಲ ಕಲಬೆರಕಿ ಅನ್ನೋದೂ ಸುಳ್ಳು. ಸೂರ್ಯಕಾಂತಿ ಜೇನು ಬೇಗನೇ ಹರಳುಗಟ್ಟತೈತಿ. ಆದ್ರ ಹಸಿ ಜೇನು ಹರಳುಗಟ್ಟಿದರೆ ಮ್ಯಾಲೆ ತೆಳು ನೀರು ನಿಲ್ಲತೈತಿ, ಹುಳಿಯೋದು ಅಲ್ಲಿಂದಲೇ ಶುರು.

ಹಂಗಾದ್ರ ಹದ ನೋಡೋದು ಹೆಂಗ? ಫ್ರೇಮಿನ ಮುಕ್ಕಾಲು ಭಾಗಕ್ಕಾದರೂ ಮೇಣ ಮುಚ್ಚಿರಬೇಕು. ಉಳಿದಿದ್ದಕ್ಕ ಫ್ರೇಮನ್ನ ಅಡ್ಡ ಹಿಡಿದು ಒಮ್ಮೆ ಜಾಡಿಸ್ರಿ. ಹನಿ ಸಿಡಿದರೆ ವಾಪಸ್ ಇಡ್ರಿ. ಮಳಿಗಾಲದಾಗ, ಅದರಾಗೂ ಹಾನಗಲ್ಲ ಕಡೆ, ಗಾಳಿಯಾಗೇ ತೇವ ಇರೋದರಿಂದ ಮುಚ್ಚಿದ ಜೇನಿನಾಗೂ ನೀರು ಹೆಚ್ಚಿರಬಹುದು. ಅಲ್ಲಿ ರಿಫ್ರ್ಯಾಕ್ಟೋಮೀಟರ್ ಬೇಕೇ ಬೇಕು. ಒಂದು ಹನಿ ಹಾಕಿ ಬೆಳಕಿಗೆ ಹಿಡಿದರೆ ಅಂಕಿ ಕಾಣತೈತಿ. ಊರಿಗೆ ಒಂದು ಸಾಕು, ಎಲ್ಲರೂ ಕೂಡಿ ತಗೋರಿ. ತೆಗೆದ ಜೇನನ್ನ ಬಾಯಿ ತೆರೆದ ಪಾತ್ರೆಯಾಗ ರಾತ್ರಿಯೆಲ್ಲ ಇಡಬ್ಯಾಡ್ರಿ, ಅದು ಗಾಳಿಯ ತೇವ ಹೀರತೈತಿ.

ಬ್ಯಾಡಗಿ ಮೆಣಸಿನಕಾಯಿಗೆ 2011ರಾಗ ಭೌಗೋಳಿಕ ಗುರುತು ಸಿಕ್ಕಿತು. ಆ ಹೆಸರು ಬಂದದ್ದು ತೂಕದಿಂದ ಅಲ್ಲ, ಗುಣದಿಂದ. ಹಾವೇರಿ, ರಾಣೆಬೆನ್ನೂರ ಕಡೆ ಜೇನು ಸಾಕೋರೂ ಒಂದು ಮಾತಿಗೆ ನಿಲ್ಲೋಣ: ಮುಚ್ಚದ ಫ್ರೇಮಿಗೆ ಕೈ ಹಚ್ಚೋದಿಲ್ಲ, ನಮ್ಮೆದುರಿಗೆ ಅಳತಿ ಮಾಡಿ ಹದಕ್ಕ ತಕ್ಕ ರೇಟು ಕೊಡದವರಿಗೆ ಡಬ್ಬಿ ಎತ್ತೋದಿಲ್ಲ. ಒಬ್ಬರೇ ಹೇಳಿದರೆ ಖರೀದಿದಾರ ನಕ್ಕು ಮುಂದಿನ ಊರಿಗೆ ಹೋಗ್ತಾನ. ಎಲ್ಲಾ ಊರಾಗೂ ಇದೇ ಮಾತು ಕೇಳಿದರೆ ಅಳತಿ ಸಾಧನ ತಾನೇ ತರ್ತಾನ.