ಮಖರ, ಮೈದಾ ಅಂಟು ಮತ್ತು ಗ್ಲೂ ಗನ್

ಊರಲ್ಲಿ ಚೌತಿಯ ಅಲಂಕಾರಕ್ಕೆ ಅಮ್ಮ ಕುದಿಸಿಕೊಟ್ಟ ಮೈದಾ ಅಂಟೇ ಸಾಕಿತ್ತು. ಮಲಾಡಿಗೆ ಬಂದ ಮೇಲೆ ಥರ್ಮಾಕೋಲ್ ಮಖರ ರೂಢಿಯಾಯ್ತು. 2018ರಲ್ಲಿ ಮಹಾರಾಷ್ಟ್ರ ಸರಕಾರ ಅದನ್ನು ನಿಷೇಧಿಸಿದಾಗ ಮನೆಗೆ ರಟ್ಟು ಬಂತು, ಅದರ ಹಿಂದೆಯೇ ಗ್ಲೂ ಗನ್ನೂ ಬಂತು.

ಅಗ್ಗವೆಂದು ದೊಡ್ಡದನ್ನೇ ತಂದಿದ್ದೆ. ಸ್ವಿಚ್ಚಿಲ್ಲ, ಸ್ಟ್ಯಾಂಡು ಅಲುಗಾಡುತ್ತಿತ್ತು. ಮಗಳ ಬೆರಳಿಗೆ ಒಂದು ಹನಿ ಬಿತ್ತು. ಗಾಬರಿಯಲ್ಲಿ ಅಂಟು ಕಿತ್ತೆ, ಚರ್ಮವೂ ಬಂತು. ಮೇಲೆ ಟೂತ್‌ಪೇಸ್ಟ್ ಬೇರೆ ಮೆತ್ತಿದೆ! ಎರಡೂ ತಪ್ಪು. ಅಂಟು ಕೀಳದೆ ನಲ್ಲಿಯ ತಣ್ಣೀರಿನಡಿ 20 ನಿಮಿಷ ಬೆರಳು ಹಿಡಿಸಿ, ವೈದ್ಯರಿಗೆ ತೋರಿಸಬೇಕಿತ್ತು.

ನನ್ನ ಕೇಳಿದರೆ, ರಟ್ಟಿನ ಕೆಲಸಕ್ಕೆ 7 ಮಿ.ಮೀ. ಕಡ್ಡಿ ಹಾಕುವ ಪುಟ್ಟ ಗನ್ ಸಾಕು. ಸ್ವಿಚ್ಚು, ಗಟ್ಟಿ ಸ್ಟ್ಯಾಂಡು ಇರಲಿ. ಪುಟ್ಟದೆಂದ ಮಾತ್ರಕ್ಕೆ ಬಿಸಿ ಕಡಿಮೆಯಲ್ಲ ಸ್ವಾಮಿ, 'ಲೋ ಟೆಂಪರೇಚರ್' ಅಂತ ಬರೆದದ್ದನ್ನೇ ಕೇಳಿ. ಅದೂ ಸುಮಾರು 120 ಡಿಗ್ರಿ, ಕುದಿಯುವ ನೀರಿಗಿಂತ ಬಿಸಿ. ಹೆಚ್ಚು ಶಾಖದ್ದಾದರೆ 190ರ ಆಸುಪಾಸು. ಪಕ್ಕದಲ್ಲೊಂದು ಬಟ್ಟಲು ತಣ್ಣೀರಿಡಿ, ಎದ್ದು ಹೋಗುವಾಗ ಪ್ಲಗ್ ಕೀಳಿ.

ಮಕ್ಕಳ ಕರಕುಶಲದ ಸಾಮಾನೆಂದು ಮಾರಿದರೂ ಇದು ಇಸ್ತ್ರಿಪೆಟ್ಟಿಗೆಯ ಜಾತಿ, ಆಟಿಕೆಯಲ್ಲ. ನಮ್ಮನೆಯಲ್ಲೀಗ ಗನ್ ನನ್ನ ಪಾಲು. ಕಾಗದದ ತೋರಣ, ಮೈದಾ ಅಂಟು ಮಗಳ ಪಾಲು. ಮಖರ ಸ್ವಲ್ಪ ಓರೆಯಾದರೆ ಗಣಪ್ಪ ಬೇಜಾರು ಮಾಡಿಕೊಳ್ಳಲ್ಲ ಬಿಡಿ.