ಫೋನು ಕಾದರೆ ಮಗುವಿಗೇಕೆ ಬೈಗುಳ?

ಸಿರುಮುಗೈಯ ದೇವಾಂಗ ನೇಕಾರರ ಮನೆಯಿರಲಿ, ತಿರುಪ್ಪೂರಿನ ಬನಿಯನ್ ಕಂಪನಿಗೆ ಹೋಗುವವರ ತಗಡಿನ ಮನೆಯಿರಲಿ, ಮಾರ್ಚ್ ಬಂತೆಂದರೆ ಹೆತ್ತವರದು ಒಂದೇ ದೂರು: "ಸಾರ್, ಮೊಬೈಲು ಕೆಂಡ ಆಗುತ್ತೆ. ಇವನು ಗೇಮ್ ಆಡಿಯೇ ಹಾಳುಮಾಡಿದ."

ಬೈಯುವ ಮೊದಲು ಸ್ವಲ್ಪ ಯೋಚಿಸಿ ಸ್ವಾಮಿ. 35 ಡಿಗ್ರಿ ಮೀರಿದ ಕಡೆ ಬಳಸಬೇಡಿ ಎಂದು ಎಷ್ಟೋ ಫೋನುಗಳ ಕೈಪಿಡಿಯೇ ಹೇಳುತ್ತದೆ. ತಗಡಿನಡಿ ಮಧ್ಯಾಹ್ನದ ಕಾವು ಅದಕ್ಕಿಂತ ಹೆಚ್ಚು. ಅದರ ಮೇಲೆ ಚಾರ್ಜಿಗೆ ಹಾಕಿಕೊಂಡೇ ಪಾಠದ ವಿಡಿಯೊ, ಸಿಗ್ನಲ್ ಸಿಗದೆ ಫೋನಿನ ಪರದಾಟ, ಬೆನ್ನಿಗೆ ದಪ್ಪ ಕವರು. ಕಾಯದೆ ಇನ್ನೇನಾಗುತ್ತದೆ?

ಆ ವಿಡಿಯೊ ಕಳಿಸಿದವರು ಯಾರು? ನಾವೇ, ಮೇಷ್ಟ್ರುಗಳು! 2020ರಲ್ಲಿ ಕೊರೋನಾದಿಂದ ಶಾಲೆ ಮುಚ್ಚಿದಾಗ ಅದು ಅನಿವಾರ್ಯವಾಗಿತ್ತು. ಶಾಲೆ ತೆರೆದ ಮೇಲೂ ಹೋಂವರ್ಕನ್ನು ವಾಟ್ಸಾಪಿಗೆ ಹಾಕಿ ಕೈತೊಳೆದುಕೊಳ್ಳುವುದು ಶುದ್ಧ ಸೋಮಾರಿತನ. ತಪ್ಪು ನಮ್ಮದು, ಬೈಗುಳ ಮಗುವಿಗೆ!

ಹೆತ್ತವರೇ, ಕಾದ ಫೋನನ್ನು ಫ್ರಿಜ್ಜಿನಲ್ಲಿಡಬೇಡಿ, ಒಳಗೆ ತೇವ ಕೂರುತ್ತದೆ. ಚಾರ್ಜರ್ ಕಿತ್ತು, ಕವರು ತೆಗೆದು, ನೆರಳಲ್ಲಿ ಸುಮ್ಮನೆ ಬಿಡಿ. ದಿಂಬಿನಡಿ ಇಟ್ಟು ಚಾರ್ಜ್ ಮಾಡಲೇಬೇಡಿ. ಬ್ಯಾಟರಿ ಉಬ್ಬಿದ್ದರೆ ಬೆಂಕಿಯ ಭಯವಿದೆ, ಆ ಫೋನನ್ನು ಮಗುವಿನ ಕೈಗೆ ಕೊಡಬೇಡಿ.

ಇನ್ನು ನಾವು, ಮೇಷ್ಟ್ರುಗಳು? ಸೀಮೆಸುಣ್ಣ ಇನ್ನೂ ಇದೆ, ಬೋರ್ಡೂ ಇದೆ. ನಾಳೆಯಿಂದ ಹೋಂವರ್ಕನ್ನು ಅಲ್ಲೇ ಬರೆಯೋಣ. ಬೋರ್ಡು ಯಾವ ಬೇಸಿಗೆಯಲ್ಲೂ ಆಫ್ ಆಗುವುದಿಲ್ಲ.