‘ಬರೀ’ ಎನ್ನುವ ಮಾತು

ಮಳವಳ್ಳಿಯ ಮದುವೆಮನೆಯಲ್ಲಿ ನಾದಿನಿ ಕೇಳಿದಳು: “ಅತ್ತಿಗೆಮ್ಮಾ, ನಿಮ್ ಮಗಳು ಪ್ರೋಗ್ರಾಂ ಬರೆಯಾಕಿಲ್ವಂತೆ, ಬರೀ ಬುಕ್ಕು ತಿದ್ತಾಳಂತೆ?” ಆ ‘ಬರೀ’ ನನ್ನನ್ನು ಚುಚ್ಚಿತು.

ಮಗಳು ತಿದ್ದುವುದು ಲಿನಕ್ಸ್ ಕರ್ನಲ್‌ನ ಕೈಪಿಡಿಯನ್ನು. ಯಂತ್ರವನ್ನೂ ತಂತ್ರಾಂಶವನ್ನೂ ಬೆಸೆಯುವ ಈ ತಿರುಳನ್ನು 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ ಆರಂಭಿಸಿದ. ಇಂದು ನಮ್ಮ ಆಂಡ್ರಾಯ್ಡ್ ಫೋನಿನೊಳಗೂ ಅದೇ ಇದೆ. ಯಾರು ಬೇಕಾದರೂ ತಿದ್ದುಪಡಿ ಕಳಿಸಬಹುದು. ಆದರೆ ಹೇಗೆಂದು ಯಾರಾದರೂ ಬರೆದಿಟ್ಟಿರಬೇಕಲ್ಲ? ಒಂಬತ್ತು-ಹತ್ತು ವಾರಕ್ಕೊಮ್ಮೆ ಹೊಸ ಆವೃತ್ತಿ ಬರುತ್ತದೆ. ಕೈಪಿಡಿ ಹಳತಾಗಿಯೇ ಉಳಿದರೆ ಅದನ್ನು ನಂಬಿದ ಹೊಸಬರು ಹಾದಿ ತಪ್ಪುತ್ತಾರೆ.

ಇದು ನನಗೆ ಗೊತ್ತು. ಮದ್ದೂರಿನಲ್ಲಿದ್ದಾಗ ಪಠ್ಯ ಬದಲಾದ ವರ್ಷ ಹಳೆಯ ನೋಟ್ಸನ್ನೇ ಬರೆಸಿ ಮಕ್ಕಳ ಅಂಕ ಕಳೆದವಳು ನಾನು.

ಆಫೀಸಿನಲ್ಲಿ ಬಡ್ತಿ ಪ್ರೋಗ್ರಾಂ ಬರೆದವರಿಗೆ, ಮಗಳಿಗೆ ಬರೀ ಥ್ಯಾಂಕ್ಸು. ಒಲೆಯ ಮುಂದೆ ನಿಂತವರಿಗೆ ಈ ಲೆಕ್ಕ ಹೊಸದೇನಲ್ಲ, ಅಲ್ಲವೇ?

ಆ ಕೈಪಿಡಿಯ ಭಾಗಗಳು ಚೀನೀ, ಜಪಾನೀ, ಕೊರಿಯನ್, ಇಟಾಲಿಯನ್ ಭಾಷೆಗಳಲ್ಲಿವೆ. ಕನ್ನಡದಲ್ಲಿಲ್ಲ. ಮಂಡ್ಯದ ಹುಡುಗಿಯೊಬ್ಬಳು ಇಂಗ್ಲಿಷಿಗೆ ಹೆದರಿ ಹಿಂದೆ ಸರಿದರೆ ತಪ್ಪು ಅವಳದೇ? ಬರೆದಿಡುವುದನ್ನು ‘ಬರೀ’ ಎನ್ನುವ ನಮ್ಮದು. ನಾದಿನಿಗೂ ಅದನ್ನೇ ಹೇಳಿದೆ.